ಗೋಧಿಯನ್ನು ಅನುಮಾನಿಸಿದ ಡಾಕ್ಟರು

ವಿಲ್ಲೆಮ್ ಕಾರೆಲ್ ಡಿಕ್ಕೆ. ಮಕ್ಕಳ ವೈದ್ಯರ ನಡುವೆ ಇದು ದೊಡ್ಡ ಹೆಸರು. ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ನನಗೂ ಗೊತ್ತಿರಲಿಲ್ಲ, ನನ್ನ ತಮ್ಮನಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ತಿಳಿಯುವವರೆಗೆ.

ಮೂರು ವರ್ಷದ ಹುಡುಗ. ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿತ್ತು, ಕೈಕಾಲು ಕಡ್ಡಿ. ದಿನಕ್ಕೆ ನಾಲ್ಕೈದು ಸಲ ಭೇದಿ. ತೂಕ ಏರುತ್ತಲೇ ಇರಲಿಲ್ಲ. ಒಬ್ಬ ಡಾಕ್ಟರು ಜಂತುಹುಳುವಿನ ಔಷಧಿ ಕೊಟ್ಟರು, ಇನ್ನೊಬ್ಬರು ಟಾನಿಕ್ ಬರೆದರು. ಮತ್ತೊಬ್ಬರು ಹೊಟ್ಟೆಗೆ ಹಗುರ ಎಂದು ರಸ್ಕ್ ಮತ್ತು ಗೋಧಿ ನುಚ್ಚಿನ ಗಂಜಿ ಹೇಳಿದರು. ಅವ್ವ ಅದನ್ನೇ ನಿಷ್ಠೆಯಿಂದ ತಿನ್ನಿಸಿದಳು. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಕಾಯಿಲೆಗೆ ಹೆಸರು ಸಿಕ್ಕಿತು. ಇದಕ್ಕೆ ಔಷಧಿ ಇಲ್ಲ, ಗೋಧಿ ಮತ್ತು ಬಾರ್ಲಿಯನ್ನು ಜೀವನಪೂರ್ತಿ ಬಿಡಬೇಕು ಎಂದರು. ಇಷ್ಟು ಸರಳ ಮಾತನ್ನು ಮೊದಲು ಕಂಡುಕೊಂಡವರು ಯಾರು ಎಂದು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕವರು ಡಿಕ್ಕೆ.

ಅವರು ಹುಟ್ಟಿದ್ದು 1905ರ ಫೆಬ್ರುವರಿ 21ರಂದು, ನೆದರ್ಲೆಂಡ್ಸ್‌ನ ಡೋರ್ಡ್ರೆಕ್ಟ್ ಊರಿನಲ್ಲಿ. ಲೈಡನ್‌ನಲ್ಲಿ ವೈದ್ಯಕೀಯ ಓದಿ, ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿ ತರಬೇತಿ ಪಡೆದರು. 1936ರಲ್ಲಿ ಅದೇ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾದರು. ಆಗ ಅವರ ವಯಸ್ಸು 31.

ಅವರ ವಾರ್ಡಿನಲ್ಲಿ ನನ್ನ ತಮ್ಮನಂಥ ಮಕ್ಕಳಿದ್ದರು. ಕಾಯಿಲೆ ಹೊಸದಲ್ಲ. ಲಂಡನ್‌ನ ಸ್ಯಾಮುಯೆಲ್ ಗೀ 1888ರಲ್ಲೇ ಅದರ ಲಕ್ಷಣಗಳನ್ನು ಚೆನ್ನಾಗಿ ಬರೆದಿಟ್ಟಿದ್ದರು. ಇದು ವಾಸಿಯಾಗುವುದಾದರೆ ಆಹಾರದಿಂದಲೇ ಎಂದೂ ಹೇಳಿದ್ದರು. ಆದರೆ ಯಾವ ಆಹಾರ? ಗೀ ಅನ್ನವನ್ನು ಬೇಡ ಎಂದರು, ತೆಳ್ಳಗೆ ಕೊಯ್ದು ಎರಡೂ ಕಡೆ ಸುಟ್ಟ ಬ್ರೆಡ್ಡನ್ನು ಕೊಡಬಹುದು ಎಂದರು! ಪೂರ್ತಿ ಉಲ್ಟಾ. ಅವರ ಒಂದು ಮಗು ದಿನಾ ಡಚ್ ಕಡಲಿನ ಚಿಪ್ಪುಜೀವಿಗಳನ್ನು ತಿಂದು ಚೇತರಿಸಿಕೊಂಡಿತ್ತು. ಅವು ಸಿಗುವ ಕಾಲ ಮುಗಿದ ಮೇಲೆ ಮತ್ತೆ ಕಾಯಿಲೆ ಬಿತ್ತು. 1924ರಲ್ಲಿ ನ್ಯೂಯಾರ್ಕ್‌ನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದರು, ಮಕ್ಕಳು ಗುಣಮುಖರಾದರು. ಬಾಳೆಹಣ್ಣಿನಲ್ಲೇ ಏನೋ ಶಕ್ತಿ ಇದೆ ಎಂದು ಎಲ್ಲರೂ ನಂಬಿದರು. ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ತಟ್ಟೆಯಲ್ಲಿ ಇರುವುದು ಕಾಣುತ್ತದೆ, ಇಲ್ಲದ್ದು ಕಾಣುವುದು ಕಷ್ಟ.

ಡಿಕ್ಕೆಗೆ ಅದು ಕಾಣಿಸಿದ್ದು ಒಬ್ಬ ತಾಯಿಯಿಂದ. ಬ್ರೆಡ್ ಕೊಡುವುದನ್ನು ನಿಲ್ಲಿಸಿದರೆ ತನ್ನ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗ ಇಳಿಯುತ್ತವೆ ಎಂದು ಆಕೆ ಹೇಳಿದ್ದಳಂತೆ. ಡಿಕ್ಕೆ ಈ ಮಾತನ್ನು ತಳ್ಳಿಹಾಕಲಿಲ್ಲ. 1934ರಿಂದ 36ರ ನಡುವೆ ಗೋಧಿ ಇಲ್ಲದ ಊಟ ಕೊಟ್ಟು ನೋಡತೊಡಗಿದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ. ನಮ್ಮ ಅವ್ವನೂ ಒಂದು ಸಲ, ಚಪಾತಿ ತಿಂದ ವಾರ ಇವನಿಗೆ ಜಾಸ್ತಿ ಆಗ್ತದ್ರೀ ಎಂದು ಒಬ್ಬ ಡಾಕ್ಟರಿಗೆ ಹೇಳಿದ್ದಳು. ಅವರು ನಕ್ಕು ಚೀಟಿ ಬರೆದರು.

ಇಂಟರ್ನೆಟ್‌ನಲ್ಲಿ ಡಿಕ್ಕೆ ಎಂದು ಹುಡುಕಿದರೆ ಮೊದಲು ಸಿಗುವುದು ಬರಗಾಲದ ಕತೆ. 1944–45ರ ಚಳಿಗಾಲ. ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪಶ್ಚಿಮ ನೆದರ್ಲೆಂಡ್ಸ್‌ಗೆ ಆಹಾರ ಸಾಗಣೆ ನಿಂತುಹೋಯಿತು. ಜನ ಸಕ್ಕರೆ ಬೀಟ್, ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು, ಏಕೆಂದರೆ ಬ್ರೆಡ್ ಇರಲಿಲ್ಲ. ವಿಮಾನಗಳಿಂದ ಬ್ರೆಡ್ ಬಿದ್ದಾಗ ಮತ್ತೆ ಹಾಸಿಗೆ ಹಿಡಿದರು. ಆಗ ಡಿಕ್ಕೆಗೆ ಸತ್ಯ ಹೊಳೆಯಿತು, ಹೀಗೆ ಸಾಗುತ್ತದೆ ಕತೆ.

ಸಿನಿಮಾಕ್ಕೆ ಚೆನ್ನಾಗಿದೆ. ಆದರೆ ಇದರಲ್ಲಿ ಡಿಕ್ಕೆಗೆ ಅನ್ಯಾಯವಾಗಿದೆ ಎಂದು ನನಗನಿಸುತ್ತದೆ. ಅವರು 1941ರಲ್ಲೇ, ಅಂದರೆ ಆ ಚಳಿಗಾಲಕ್ಕೆ ಮೂರು ವರ್ಷ ಮೊದಲೇ, ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಈ ಮಕ್ಕಳಿಗೊಂದು ಸರಳ ಪಥ್ಯ ಬರೆದಿದ್ದರು. ಬ್ರೆಡ್ ಬೇಡ, ರಸ್ಕ್ ಬೇಡ. ದಿನಕ್ಕೆರಡು ಬಿಸಿ ಊಟ, ಮತ್ತೊಂದು ಹೊತ್ತಿಗೆ ಗೋಧಿ ಹಿಟ್ಟು ಹಾಕದ ಸಿಹಿ ಅಥವಾ ಹುಳಿ ಗಂಜಿ. ಓದಿದಾಗ ನನಗೆ ನಮ್ಮ ಜೋಳದ ಅಂಬಲಿಯೇ ನೆನಪಾಯಿತು. ಬರಗಾಲ ಅವರಿಗೆ ಏನನ್ನೂ ಹೊಸದಾಗಿ ಹೇಳಿಕೊಡಲಿಲ್ಲ. ಹತ್ತು ವರ್ಷದಿಂದ ಅವರು ಅನುಮಾನಿಸುತ್ತಿದ್ದುದನ್ನು ಗಟ್ಟಿ ಮಾಡಿತು, ಅಷ್ಟೆ.

ಅನುಮಾನ ಗಟ್ಟಿಯಾದರೆ ಸಾಕೇ? ಬೇರೆ ಡಾಕ್ಟರುಗಳು ಒಪ್ಪಬೇಕಲ್ಲ. ಯುದ್ಧ ಮುಗಿದ ಮೇಲೆ ಡಿಕ್ಕೆ ಮಾಡಿದ ಕೆಲಸ ಬಹಳ ನಿಧಾನದ್ದು, ನಾಟಕವೇ ಇಲ್ಲದ್ದು. ಕೆಲವೇ ಮಕ್ಕಳನ್ನು ಆರಿಸಿಕೊಂಡು ದೀರ್ಘಕಾಲ ಅವರ ತೂಕ, ಎತ್ತರ ಬರೆದಿಟ್ಟರು. ಗೋಧಿ ಇಲ್ಲದೆ ಇಷ್ಟು ದಿನ, ಗೋಧಿ ಕೊಟ್ಟು ಇಷ್ಟು ದಿನ. ಉಟ್ರೆಕ್ಟ್‌ನ ವಾನ್ ಡೆ ಕಾಮರ್ ಎಂಬ ವಿಜ್ಞಾನಿ ಮಲದಲ್ಲಿ ಹೊರಹೋಗುವ ಕೊಬ್ಬನ್ನು ಅಳೆಯುವ ವಿಧಾನ ರೂಪಿಸಿದ್ದರು. ಕರುಳು ಹೀರಿಕೊಳ್ಳದೆ ಬಿಟ್ಟ ಕೊಬ್ಬು ಎಷ್ಟು ಎಂಬುದು ಹೀಗೆ ಅಂಕಿಯಲ್ಲೇ ಸಿಗತೊಡಗಿತು. ಗೋಧಿ, ರೈ ಕೊಟ್ಟಾಗ ಕೊಬ್ಬು ಹೆಚ್ಚಾಯಿತು. ಅಕ್ಕಿ ಕೊಟ್ಟಾಗ ಆಗಲಿಲ್ಲ. ಗೋಧಿಯಿಂದಲೇ ತೊಳೆದು ತೆಗೆದ ಪಿಷ್ಟ ಕೊಟ್ಟಾಗಲೂ ಆಗಲಿಲ್ಲ. ಅಂದರೆ ತೊಂದರೆ ಪಿಷ್ಟದ್ದಲ್ಲ, ಅದರ ಜೊತೆಗಿರುವ ಗ್ಲುಟನ್ ಎಂಬ ಪ್ರೋಟೀನಿನದು.

ಗುಣವಾದ ಮಗುವಿಗೆ ಮತ್ತೆ ಗೋಧಿ ಕೊಡುವುದನ್ನು ಓದುವಾಗ ನನಗೆ ಸಂಕಟವಾಯಿತು. ನನ್ನ ತಮ್ಮನಿಗೆ ಹಾಗೆ ಮಾಡಲು ನಾನು ಬಿಡುತ್ತಿದ್ದೆನೇ? ಗೊತ್ತಿಲ್ಲ. ಆದರೆ ಆ ಮಕ್ಕಳ ತೂಕದ ಗೆರೆಗಳು ಕಾಗದದ ಮೇಲೆ ಇಳಿಯದೇ ಹೋಗಿದ್ದರೆ ಇವನಿಗೆ ಇಂದಿಗೂ ರಸ್ಕ್ ಕೊಡುತ್ತಿದ್ದೆವು. ಇನ್ನೊಂದು ಮಾತು: ಗೋಧಿ ತಿಂದ ಮಗು ಆ ದಿನವೇ ಕಾಯಿಲೆ ಬೀಳಬೇಕೆಂದಿಲ್ಲ, ವಾರಗಳೂ ಹಿಡಿಯಬಹುದು. ಅಷ್ಟು ಹೊತ್ತಿಗೆ ತಿಂದಿದ್ದು ಯಾರಿಗೆ ನೆನಪಿರುತ್ತದೆ? ಇಷ್ಟು ಕಾಲ ಕಳ್ಳ ಸಿಕ್ಕಿಬೀಳದಿರಲು ಇದೂ ಕಾರಣ.

1950ರಲ್ಲಿ ಇದೆಲ್ಲ ಅವರ ಡಾಕ್ಟರೇಟ್ ಪ್ರಬಂಧವಾಯಿತು. ಬರೆದದ್ದು ಡಚ್ ಭಾಷೆಯಲ್ಲಿ, ಹಾಗಾಗಿ ಓದಿದವರು ಕಡಿಮೆ. 1953ರಲ್ಲಿ ವಾನ್ ಡೆ ಕಾಮರ್, ವೇಯರ್ಸ್ ಜೊತೆಗೂಡಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಷಾರ್ಲೆಟ್ ಆ್ಯಂಡರ್ಸನ್ ಮತ್ತು ಸಂಗಡಿಗರು ಅದಕ್ಕೂ ಒಂದು ವರ್ಷ ಮೊದಲೇ ಗ್ಲುಟನ್ ಕಡೆಗೇ ಬೆರಳು ತೋರಿಸಿದ್ದರು.

ಗ್ಲುಟನ್ ಎಂದರೇನು ಎಂದು ನನ್ನನ್ನು ಕೇಳಿದರೆ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಚಪಾತಿ ಹಿಟ್ಟನ್ನು ಎಳೆದರೆ ರಬ್ಬರಿನಂತೆ ಹಿಗ್ಗುತ್ತದಲ್ಲ, ಅದೇ ಗ್ಲುಟನ್. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಅದಕ್ಕೇ ನಮ್ಮ ಅಜ್ಜಿ ಕುದಿಯುವ ನೀರು ಹಾಕಿ ನಾದುವುದು, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುವುದು. ಗದಗಿನ ಕಡೆ ಹುಟ್ಟಿದ್ದಕ್ಕೆ ತಮ್ಮ ಪುಣ್ಯವಂತ, ಅವನ ಪಥ್ಯ ನಮ್ಮ ದಿನದ ಊಟವೇ.

ಆದರೆ ಮೋಸ ಸಣ್ಣಸಣ್ಣ ಜಾಗದಲ್ಲಿದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿನ ಪುಡಿಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಸಾರು ಕುಡಿದರೂ ಕೆಡುಕು. ಜೋಳವನ್ನು ಗಿರಣಿಗೆ ಒಯ್ದರೆ ಅದಕ್ಕೂ ಮುಂಚೆ ಬೀಸಿದ ಗೋಧಿ ಕಲ್ಲಿನಲ್ಲಿ ಉಳಿದಿರುತ್ತದೆ. ಅದಕ್ಕೇ ಅಪ್ಪ ಮನೆಗೇ ಒಂದು ಸಣ್ಣ ಗಿರಣಿ ತಂದರು. ಮಾಲ್ಟ್ ಪುಡಿ ಎಂದರೆ ಸಾಮಾನ್ಯವಾಗಿ ಬಾರ್ಲಿ. ಗೋಬಿ ಮಂಚೂರಿಯಲ್ಲಿ ಮೈದಾ, ಸೋಯಾ ಸಾಸ್‌ನಲ್ಲೂ ಗೋಧಿ. ಪೂರಿ ಕರಿದ ಎಣ್ಣೆಯಲ್ಲೇ ಕರಿದ ಹಪ್ಪಳವೂ ಆಗದು. ದೇವಸ್ಥಾನದಲ್ಲಿ ರವೆ ಪ್ರಸಾದ ಬೇಡ ಎಂದರೆ ಹಿರಿಯರ ಮುಖ ಸಣ್ಣದಾಗುತ್ತದೆ. ತಮ್ಮ ಈಗ ತಾನೇ ಹೇಳುತ್ತಾನೆ: ಹೂವು ಕೊಡ್ರಿ ಅಜ್ಜಾ, ಸಾಕು.

ಕೇಕ್ ನನ್ನ ಪಾಲಿನ ಕೆಲಸ. ಹಿಟ್ಟಿನಲ್ಲಿ ಎದ್ದ ಗಾಳಿಗುಳ್ಳೆಗಳನ್ನು ಹಿಡಿದಿಡುವುದು ಗ್ಲುಟನ್, ಅದಿಲ್ಲದಿದ್ದರೆ ಕೇಕ್ ಪುಡಿಪುಡಿ. ಹಾಗಾಗಿ ಅಕ್ಕಿ ಹಿಟ್ಟು, ರಾಗಿ ಹಿಟ್ಟಿನ ಜೊತೆ ಇಸಬ್‌ಗೋಲ್ ಸಿಪ್ಪೆಯನ್ನು ನೀರಲ್ಲಿ ನೆನೆಸಿ ಸೇರಿಸುತ್ತೇನೆ, ಅದರ ಲೋಳೆ ಅಂಟಿನಂತೆ ಹಿಡಿಯುತ್ತದೆ. ಮೊಟ್ಟೆ, ಮೊಸರು, ಕಳಿತ ಬಾಳೆಹಣ್ಣು ಹಾಕಿದರೆ ಮೆತ್ತಗಾಗುತ್ತದೆ. ಬಾಳೆಹಣ್ಣು ಹಾಕುವಾಗೆಲ್ಲ ಪಾಪ ಸಿಡ್ನಿ ಹಾಸ್ ನೆನಪಾಗುತ್ತಾರೆ. ತಮ್ಮನ ತೂಕ ಮೊದಲ ವರ್ಷದಲ್ಲೇ ನಾಲ್ಕು ಕಿಲೋ ಏರಿತು. ಅವ್ವ ಅದನ್ನು ಕ್ಯಾಲೆಂಡರಿನ ಹಿಂದೆ ತಿಂಗಳು ತಿಂಗಳೂ ಬರೆಯುತ್ತಿದ್ದಳು. ಅವಳು ಡಿಕ್ಕೆಯ ಹೆಸರನ್ನೂ ಕೇಳಿದವಳಲ್ಲ.

1950ರ ದಶಕದಲ್ಲಿ ಡಿಕ್ಕೆ ಉಟ್ರೆಕ್ಟ್‌ಗೆ ಹೋದರು. ಅಲ್ಲಿ ಪ್ರಾಧ್ಯಾಪಕರಾದರು, ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತರು. ಅದೇ ದಶಕದಲ್ಲಿ ಕರುಳಿನ ಒಳಪದರದ ಚೂರನ್ನು ತೆಗೆದು ನೋಡುವ ಉಪಕರಣಗಳು ಬಂದವು. ಆಹಾರ ಹೀರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗಿರುವುದನ್ನು ಡಾಕ್ಟರುಗಳು ಕಣ್ಣಾರೆ ಕಂಡರು. ಡಿಕ್ಕೆ ತಕ್ಕಡಿ ಹಿಡಿದು ಹೇಳಿದ್ದು ನಿಜವಾಗಿತ್ತು. ಅವರ ಆರೋಗ್ಯ ಮಾತ್ರ ಕೈಕೊಟ್ಟಿತು. 1962ರ ಏಪ್ರಿಲ್ 27ರಂದು ತೀರಿಕೊಂಡಾಗ ಅವರಿಗೆ 57 ವರ್ಷ. ಅವರ ದೇಶದ ಜಠರ-ಕರುಳು ತಜ್ಞರ ಸಂಘ ಅವರ ಹೆಸರಿನಲ್ಲಿ ಒಂದು ಚಿನ್ನದ ಪದಕ ಇಟ್ಟಿದೆ.

ಮಗುವಿನ ಮೈಮೇಲಿನ ಗುಳ್ಳೆಗಳನ್ನು ಮೊದಲು ಗಮನಿಸಿದ ಆ ತಾಯಿಯ ಹೆಸರನ್ನೂ ಹುಡುಕಿದೆ. ನಾನು ಓದಿದ ಯಾವುದರಲ್ಲೂ ಅದು ಇರಲಿಲ್ಲ.