ಅರಳು ಮರಳು ವಯಸ್ಸಿನ ಸಹಜ ಗುಣವೇ? ಆಲ್‌ಝೈಮರ್ ಕಂಡಿದ್ದೇನು?

ಅರವತ್ತಕ್ಕೆ ಅರಳು ಮರಳು ಎನ್ನುವುದು ನಮ್ಮಲ್ಲಿ ರೂಢಿ. ಮನೆಯ ಹಿರಿಯರು ಗೊತ್ತಿರುವ ದಾರಿ ತಪ್ಪಿದರೂ ಮಕ್ಕಳ ಹೆಸರು ಮರೆತರೂ ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ. ಇದು ತಪ್ಪು ಎಂದು ನೂರು ವರ್ಷಗಳ ಹಿಂದೆಯೇ ತೋರಿಸಿದವರು ವೈದ್ಯ ಅಲೋಯ್ಸ್ ಆಲ್‌ಝೈಮರ್.

ಅವರು ಹುಟ್ಟಿದ್ದು 1864ರ ಜೂನ್ 14ರಂದು, ಜರ್ಮನಿಯ ಮಾರ್ಕ್ಟ್‌ಬ್ರೈಟ್ ಎಂಬ ಊರಿನಲ್ಲಿ. 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಸೇರಿದರು. ರೋಗಿಗಳನ್ನು ನೋಡುವುದರ ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಮೆದುಳನ್ನೂ ಪರೀಕ್ಷಿಸುತ್ತಿದ್ದರು. 1901ರಲ್ಲಿ ಪತ್ನಿ ತೀರಿಕೊಂಡರು. ಮೂವರು ಮಕ್ಕಳ ಹೊಣೆ ಇವರ ಮೇಲೆ ಬಿತ್ತು. ಅದೇ ನವೆಂಬರ್‌ನಲ್ಲಿ ಆಗುಸ್ಟೆ ಡೇಟರ್ ಎಂಬ ಮಹಿಳೆ ಆಸ್ಪತ್ರೆಗೆ ಬಂದರು. ತಮ್ಮ ಹೆಸರು ಬರೆಯಲೂ ಆಗದಷ್ಟು ಮರೆವು. ವಯಸ್ಸು ಬರೀ 51.

ಆಲ್‌ಝೈಮರ್ ಮುಂದೆ ಮ್ಯೂನಿಕ್‌ಗೆ ಹೋದರು. 1906ರಲ್ಲಿ ಆಗುಸ್ಟೆ ತೀರಿಕೊಂಡಾಗ ಆಕೆಯ ಮೆದುಳನ್ನು ತರಿಸಿಕೊಂಡು ಪರೀಕ್ಷಿಸಿದರು. ನರಕೋಶಗಳ ಹೊರಗೆ ಗಟ್ಟಿ ಕಲೆಗಳು, ಒಳಗೆ ನೂಲಿನಂಥ ಸಿಕ್ಕುಗಳು ಕಂಡವು. ಆ ನವೆಂಬರ್ 3ರಂದು ಟ್ಯೂಬಿಂಗನ್‌ನ ಸಭೆಯಲ್ಲಿ ವಿವರಿಸಿದರೆ, ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಕ್ರೇಪಲಿನ್ ಈ ಕಾಯಿಲೆಗೆ ಅವರ ಹೆಸರಿಟ್ಟರು. 1915ರ ಡಿಸೆಂಬರ್ 19ರಂದು ಆಲ್‌ಝೈಮರ್ ನಿಧನರಾದರು. ಅವರಿಗೂ ಆಗ 51.

ಎಲ್ಲರೂ ಮರೆತ ಮೂರನೇ ಅಂಶ

1907ರ ವರದಿಯಲ್ಲಿ ಅವರು ಇನ್ನೊಂದು ವಿಷಯ ದಾಖಲಿಸಿದ್ದರು: ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಲ್ಲಿ ಕೊಬ್ಬು ತುಂಬಿತ್ತು. ಮುಂದೆ ಬಹುಪಾಲು ಸಂಶೋಧನೆ ಕಲೆ, ಸಿಕ್ಕುಗಳ ಹಿಂದೆಯೇ ಹೋಯಿತು.

ಮನೆಯಲ್ಲಿ ಹೊರಗೆ ದುಡಿಯುವವರು ಕಣ್ಣಿಗೆ ಬೀಳುತ್ತಾರೆ, ಅಡುಗೆ ಮಾಡುವವರು, ಕಸ ಗುಡಿಸುವವರು ಕಾಣುವುದಿಲ್ಲ. ಮೆದುಳಿನಲ್ಲಿ ಆ ಕೆಲಸ ಗ್ಲಿಯಾದ್ದು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ಸುಮಾರು ಶೇ. 20ರಷ್ಟು ಶಕ್ತಿ ಬಳಸುತ್ತದೆ. ಅದನ್ನು ನರಕೋಶಗಳಿಗೆ ಒದಗಿಸಲು ಒಂದು ಬಗೆಯ ಗ್ಲಿಯಾ ನೆರವಾದರೆ, ಇನ್ನೊಂದು ಬಗೆ ಕಸ ತೆಗೆಯುತ್ತದೆ. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು, ಎಪಿಒಇ4 ಎಂಬ ಜೀನ್ ಇದ್ದ ರೋಗಿಗಳ ಮೆದುಳಿನಲ್ಲಿ ಕಸ ತೆಗೆಯುವ ಕೋಶಗಳೇ ಕೊಬ್ಬಿನ ಹನಿಗಳಿಂದ ತುಂಬಿದ್ದನ್ನು ಕಂಡರು. ಆಲ್‌ಝೈಮರ್ ಗಮನಿಸಿದ್ದ ಕೊಬ್ಬು ಮತ್ತೆ ಚರ್ಚೆಗೆ ಬಂತು.

ಹಾಗೆಂದು ತುಪ್ಪ ತಿಂದರೆ ಅದು ನೇರವಾಗಿ ಮೆದುಳಿಗೆ ಹೋಗಿ ಕೂರುತ್ತದೆ ಎಂದಲ್ಲ. ಕೊಬ್ಬರಿ ಎಣ್ಣೆ ಕುಡಿದರೆ ಮರೆವು ವಾಸಿ ಎನ್ನುವ ಫಾರ್ವರ್ಡ್‌ಗೂ ಗಟ್ಟಿ ಪುರಾವೆ ಇಲ್ಲ.

ನಮ್ಮ ಶ್ರೀನಿವಾಸಪುರದಲ್ಲಿ

ಆಲ್‌ಝೈಮರ್ ನೋಡಿದ್ದು ಸಾವಿನ ನಂತರದ ಮೆದುಳನ್ನು. ಇಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ಬದುಕಿರುವಾಗಲೇ ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಇದನ್ನು ನಡೆಸುತ್ತಿದೆ. ಗುರಿ 10,000 ಜನ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಎಲ್ಲವೂ ಇದರಲ್ಲಿವೆ.

ನಾವು ಮಾಡಬೇಕಾದ್ದೇನು? ನಡುವಯಸ್ಸಿನ ಶುಗರ್, ಬಿಪಿ, ಕೆಟ್ಟ ಕೊಲೆಸ್ಟ್ರಾಲ್ ಮುಂದಿನ ಮರೆವಿನ ಅಪಾಯ ಹೆಚ್ಚಿಸುತ್ತವೆ. ಫಾರ್ವರ್ಡ್ ನಂಬಿ ಮಾತ್ರೆ ನಿಲ್ಲಿಸಬೇಡಿ. ಮಾಲೂರಿರಲಿ, ಮುಳಬಾಗಿಲಿರಲಿ, ಹಿರಿಯರ ಮರೆವು ದಿನದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದಲೂ ಮರೆವು ಬರಬಹುದು; ಅವಕ್ಕೆ ಚಿಕಿತ್ಸೆ ಇದೆ. ಅರಳು ಮರಳು ಎಂದು ಬಿಟ್ಟರೆ ಆ ಅವಕಾಶವೂ ಹೋಗುತ್ತದೆ.