ಸವಾಯಿ ಜಯಸಿಂಹ ಮತ್ತು ಕಾಶಿಯ ಕಲ್ಲಿನ ಗಡಿಯಾರ

ನಾಡಿನಿಂದ ನೆಂಟರಿಷ್ಟರು ಕಾಶಿಯಾತ್ರೆಗೆಂದು ಬಂದಾಗ ಇಲ್ಲಿ ನೆಲೆಸಿರುವ ನಾವು ಅವರನ್ನು ವಿಶ್ವನಾಥನ ಸನ್ನಿಧಿಗೂ ಅನ್ನಪೂರ್ಣೆಯ ಗುಡಿಗೂ ಕರೆದೊಯ್ಯುತ್ತೇವೆ. ಕೇದಾರ ಘಾಟು, ಹನುಮಾನ್ ಘಾಟು, ಜಂಗಮವಾಡಿ ಮಠಗಳನ್ನು ತೋರಿಸುತ್ತೇವೆ. ಸಂಜೆ ದಶಾಶ್ವಮೇಧ ಘಾಟಿನಲ್ಲಿ ಗಂಗೆಯ ಆರತಿ ನೋಡಿ ಮನೆಗೆ ಹಿಂದಿರುಗುತ್ತೇವೆ. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಮಾನಮಂದಿರದ ಮಾಳಿಗೆಯನ್ನು ಹತ್ತಿದವರು ಮಾತ್ರ ನಮ್ಮಲ್ಲಿ ಬಹಳ ಮಂದಿ ಇರಲಾರರು. ಆ ಮಾಳಿಗೆಯ ಮೇಲೆ ಒಂದು ಗಡಿಯಾರವಿದೆ. ಅದಕ್ಕೆ ಹಲ್ಲಿನ ಚಕ್ರಗಳಿಲ್ಲ, ಲೋಲಕವಿಲ್ಲ, ಕೀಲಿ ಕೊಡುವ ಗೋಜಿಲ್ಲ. ಕಲ್ಲಿನಿಂದಲೂ ಗಾರೆಯಿಂದಲೂ ಕಟ್ಟಿದ ಆ ಗಡಿಯಾರಕ್ಕೆ ನೆರಳೇ ಮುಳ್ಳು. ಅದನ್ನು ತನ್ನ ಹಿರಿಯರ ಮನೆಯ ಮೇಲೆ ಕಟ್ಟಿಸಿದವನು ಜಯಪುರದ ಮಹಾರಾಜ ಸವಾಯಿ ಜಯಸಿಂಹ.

ಜಯಸಿಂಹನು 1688ನೆಯ ಇಸವಿ ನವೆಂಬರ್ 3ರಂದು ರಾಜಸ್ಥಾನದ ಅಂಬೇರಿನಲ್ಲಿ ಜನಿಸಿದನು. ತಂದೆ ಬಿಷನ್‌ಸಿಂಹನು ಮೊಗಲರ ಸೇವೆಯಲ್ಲಿದ್ದು ಕಾಬೂಲಿನ ಕಡೆ ಕಾಲವಾದಾಗ ಮಗನಿಗೆ ಕೇವಲ 11 ವರ್ಷ. ಪಟ್ಟವೇರಿದ ಬಾಲಕನು ಔರಂಗಜೇಬನ ಆಜ್ಞೆಯಂತೆ ದಖ್ಖಣಕ್ಕೆ ಬಂದು, 1702ರಲ್ಲಿ ಕೊಲ್ಲಾಪುರ ಸೀಮೆಯ ಖೇಳಣಾ ದುರ್ಗದ ಮುತ್ತಿಗೆಯಲ್ಲಿ ಪಾಲ್ಗೊಂಡನು. ಸವಾಯಿ ಎಂದರೆ ಒಂದೂಕಾಲು. ಉಳಿದವರು ಒಂದಾದರೆ ಇವನು ಒಂದರ ಮೇಲೆ ಕಾಲು ಹೆಚ್ಚೆಂಬುದು ಆ ಬಿರುದಿನ ಭಾವ.

1707ರಲ್ಲಿ ಔರಂಗಜೇಬನು ತೀರಿಕೊಂಡ ಮೇಲೆ ನಡೆದ ಸಿಂಹಾಸನದ ಕಲಹದಲ್ಲಿ ಜಯಸಿಂಹನು ಸೋತವನ ಪಕ್ಷದಲ್ಲಿದ್ದುದರಿಂದ ಅಂಬೇರು ಕೈಬಿಟ್ಟಿತು. ಮರುವರ್ಷವೇ ಜೋಧಪುರ ಮತ್ತು ಉದಯಪುರಗಳ ಸ್ನೇಹದಿಂದ ಅದನ್ನು ಮರಳಿ ಪಡೆದನು. ಮುಂದಿನ 12 ವರ್ಷಗಳೊಳಗೆ ದೆಹಲಿಯ ಗದ್ದುಗೆಯ ಮೇಲೆ ಆರು ಮಂದಿ ಬಾದಶಹರು ಕುಳಿತರು. ಇಂದು ಇದ್ದ ಆಶ್ರಯ ನಾಳೆ ಇಲ್ಲವೆಂಬ ಅಂಥ ಕಾಲದಲ್ಲಿ ಈ ಅರಸನ ಮನಸ್ಸು ಎಂದೂ ತಪ್ಪದೆ ನಡೆಯುವ ಗ್ರಹನಕ್ಷತ್ರಗಳ ಕಡೆಗೆ ತಿರುಗಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಆದರೆ ತಪ್ಪದೆ ನಡೆಯುವುದು ಆಕಾಶ. ಮನುಷ್ಯರ ಲೆಕ್ಕ ತಪ್ಪುತ್ತಿತ್ತು. ಸಂಸ್ಕೃತದ ಸಿದ್ಧಾಂತಗಳು, ಸಮರಕಂದದ ಉಲೂಗ್‌ಬೇಗನ ಕೋಷ್ಟಕಗಳು ಎಲ್ಲವನ್ನೂ ಜಯಸಿಂಹನು ತರಿಸಿ ಪರೀಕ್ಷಿಸಿದನು. ಗ್ರಹಣಗಳ ಕಾಲ, ಗ್ರಹಗಳ ಉದಯಾಸ್ತಗಳು ಪುಸ್ತಕದಲ್ಲಿ ಒಂದು, ಕಣ್ಣಿಗೆ ಇನ್ನೊಂದು. ಹಬ್ಬಹರಿದಿನಗಳೂ ಮುಹೂರ್ತಗಳೂ ಈ ಲೆಕ್ಕವನ್ನೇ ನಂಬಿದ್ದವು. ಬಾದಶಹ ಮಹಮ್ಮದ್ ಶಹನಲ್ಲಿ ವಿಷಯವನ್ನು ಅರಿಕೆ ಮಾಡಿ, ಅವನ ಒಪ್ಪಿಗೆ ಪಡೆದು, ಆಕಾಶವನ್ನು ಹೊಸದಾಗಿ ಅಳೆಯಲು ಹೊರಟನು.

ಮೊದಲು ಗ್ರಂಥಗಳಲ್ಲಿ ಹೇಳಿದಂತೆಯೇ ಹಿತ್ತಾಳೆಯ ಯಂತ್ರಗಳನ್ನು ಮಾಡಿಸಿದನು. ಅವು ಅವನಿಗೆ ತೃಪ್ತಿ ಕೊಡಲಿಲ್ಲ. ಚಿಕ್ಕ ಬಳೆಯ ಮೇಲೆ ಅಂಶಗಳನ್ನು ಗುರುತಿಸಬಹುದೇ ಹೊರತು ಅಂಶದ 60ನೆಯ ಭಾಗವಾದ ಕಲೆಗಳನ್ನು ಗುರುತಿಸಲು ಜಾಗ ಸಾಲದು. ತಿರುಗಿ ತಿರುಗಿ ಅಚ್ಚು ಸವೆಯುತ್ತದೆ. ಅಚ್ಚು ಸವೆದರೆ ನಡುಬಿಂದು ಸರಿಯುತ್ತದೆ. ನಡುಬಿಂದು ಸರಿದರೆ ಅಳತೆಯೆಲ್ಲ ಸುಳ್ಳು. ಗಡಿಯಾರದ ಕೆಲಸ ಬಲ್ಲವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಇದಕ್ಕೆ ಜಯಸಿಂಹನು ಕಂಡುಕೊಂಡ ಪರಿಹಾರ ಸರಳವಾದುದು, ಧೈರ್ಯದ್ದು. ಸವೆಯುವ ಅಚ್ಚನ್ನೇ ತೆಗೆದುಹಾಕಬೇಕು. ಯಂತ್ರವನ್ನು ಮನೆಯಷ್ಟು ದೊಡ್ಡದಾಗಿ ಕಟ್ಟಿ, ಅಲುಗದಂತೆ ನೆಲಕ್ಕೆ ನಾಟಬೇಕು.

1724ರಲ್ಲಿ ದೆಹಲಿಯಲ್ಲಿ ಮೊದಲ ವೇಧಶಾಲೆ ಎದ್ದಿತು. 1727ರಲ್ಲಿ ಅವನು ಜಯಪುರ ನಗರಕ್ಕೆ ಅಸ್ತಿಭಾರ ಹಾಕಿದನು. ಬಂಗಾಳದ ವಿದ್ಯಾಧರ ಭಟ್ಟಾಚಾರ್ಯನು ನೇರ ಬೀದಿಗಳ ಆ ನಗರದ ಯೋಜನೆಗೆ ನೆರವಾದನು. ಅಲ್ಲಿಯೂ ಒಂದು ವೇಧಶಾಲೆ, ಎಲ್ಲಕ್ಕಿಂತ ದೊಡ್ಡದು. ಒಂದೇ ಸ್ಥಳದ ಅಳತೆಯನ್ನು ನಂಬಬಾರದೆಂದು ಉಜ್ಜಯಿನಿ, ಮಥುರಾ, ಕಾಶಿಗಳಲ್ಲಿಯೂ ಕಟ್ಟಿಸಿದನು. ಕಾಶಿಯಲ್ಲಿ ಹೊಸ ಜಾಗ ಹುಡುಕಬೇಕಾಗಲಿಲ್ಲ. ಅವನ ಪೂರ್ವಿಕನೂ ಅಕ್ಬರನ ಸೇನಾನಿಯೂ ಆದ ಮಾನಸಿಂಹನು 1600ರ ಆಸುಪಾಸಿನಲ್ಲಿ ಗಂಗಾತೀರದಲ್ಲಿ ಕಟ್ಟಿಸಿದ ಅರಮನೆ ಇದ್ದೇ ಇತ್ತು. ಅದರ ಮಾಳಿಗೆಯ ಮೇಲೆ 1737ರ ಸುಮಾರಿಗೆ ಯಂತ್ರಗಳು ಸಿದ್ಧವಾದವು.

ಇವುಗಳಲ್ಲಿ ಮುಖ್ಯವಾದುದು ಸಮ್ರಾಟ್ ಯಂತ್ರ. ದಕ್ಷಿಣೋತ್ತರವಾಗಿ ನಿಂತ ಒಂದು ತ್ರಿಕೋನಾಕಾರದ ಗೋಡೆ. ಅದರ ಓರೆಯಾದ ಮೇಲಂಚು ನೇರವಾಗಿ ಧ್ರುವನ ಕಡೆ ನೋಡುತ್ತದೆ. ಆ ಓರೆ ಊರಿನ ಅಕ್ಷಾಂಶಕ್ಕೆ ಸಮ, ಕಾಶಿಯಲ್ಲಿ 25 ಅಂಶಕ್ಕೆ ಸ್ವಲ್ಪ ಮೇಲೆ. ಇದನ್ನೇ ಬೆಂಗಳೂರಿನಲ್ಲಿ ಕಟ್ಟಿದರೆ 13 ಅಂಶ ಮಾತ್ರ, ಗೋಡೆ ಮಲಗಿದಂತೆ ಕಾಣುತ್ತದೆ. ಗೋಡೆಯ ಎರಡು ಪಕ್ಕಗಳಲ್ಲಿ ರೆಕ್ಕೆಗಳಂತೆ ಎರಡು ಕಲ್ಲಿನ ಕಮಾನುಗಳು. ಬೆಳಗಿನಲ್ಲಿ ಗೋಡೆಯ ನೆರಳು ಪಡುವಣ ಕಮಾನಿನ ಮೇಲೆ ಬಿದ್ದು ಮೆಲ್ಲನೆ ಕೆಳಗಿಳಿಯುತ್ತದೆ. ನಡುಹಗಲಿಗೆ ಬುಡ ಸೇರುತ್ತದೆ. ಆಮೇಲೆ ಮೂಡಣ ಕಮಾನನ್ನು ಏರತೊಡಗುತ್ತದೆ. ಕಮಾನುಗಳು ಭೂಮಧ್ಯರೇಖೆಯ ಸಮತಲದಲ್ಲಿರುವುದರಿಂದ ನೆರಳು ಸಮಕಾಲದಲ್ಲಿ ಸಮದೂರ ನಡೆಯುತ್ತದೆ. ಜಯಪುರದ ದೊಡ್ಡ ಯಂತ್ರದಲ್ಲಿ ನೆರಳು ಒಂದು ನಿಮಿಷಕ್ಕೆ ನಾಲ್ಕು ಬೆರಳಗಲದಷ್ಟು ಸರಿಯುವುದನ್ನು ನಿಂತು ನೋಡಬಹುದು. ಮದುವೆಯ ಮನೆಯಲ್ಲಿ ನೀರಿನ ಮೇಲೆ ತೇಲಿಬಿಟ್ಟ ಗಳಿಗೆ ಬಟ್ಟಲು ಮುಳುಗುವುದನ್ನು ಕಾಯುತ್ತಿದ್ದ ಜನಕ್ಕೆ ಇದು ಎಂಥ ಸೋಜಿಗವಾಗಿದ್ದಿರಬೇಕು!

ಮಾನಮಂದಿರದಲ್ಲಿ ನಾಡೀವಲಯವೂ ಚಕ್ರಯಂತ್ರವೂ ಇವೆ. ಈ ಎರಡು ಹೆಸರುಗಳೂ 12ನೆಯ ಶತಮಾನದ ಭಾಸ್ಕರಾಚಾರ್ಯನ ಸಿದ್ಧಾಂತ ಶಿರೋಮಣಿಯಲ್ಲಿ ಬರುತ್ತವೆ. ಭಾಸ್ಕರನು ನಮ್ಮ ವಿಜಯಪುರದವನೆಂದು ಹಲವು ವಿದ್ವಾಂಸರು ಎಣಿಸುತ್ತಾರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು.

ಈ ಕಲ್ಲಿನ ಗಡಿಯಾರದ ಕಾಲಕ್ಕೂ ನಮ್ಮ ಕೈಗಡಿಯಾರದ ಕಾಲಕ್ಕೂ ಹೊಂದಿಕೆಯಾಗದೆಂದು ಹೊಸಬರು ಆಕ್ಷೇಪಿಸುವುದುಂಟು. ಕಾರಣ ಹೀಗಿದೆ. ಕೈಗಡಿಯಾರ ತೋರುವುದು 82½ ಅಂಶ ಪೂರ್ವ ರೇಖಾಂಶದ ಕಾಲವನ್ನು. ಆ ರೇಖೆ ನಮ್ಮ ನೆರೆಯ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಕಾಶಿ ಅದಕ್ಕಿಂತ ಅರ್ಧ ಅಂಶ ಮೂಡಲಿಗಿರುವುದರಿಂದ ಇಲ್ಲಿಯ ಸ್ಥಳೀಯ ಕಾಲ 2 ನಿಮಿಷ ಮುಂದೆ. ಇದಲ್ಲದೆ ಭೂಮಿಯ ಓಟದ ಏರಿಳಿತದಿಂದಲೂ ಅದರ ಅಚ್ಚಿನ ಓರೆಯಿಂದಲೂ ಸೂರ್ಯನು ವರ್ಷದಲ್ಲಿ ಕೆಲವು ಕಾಲ ಗಡಿಯಾರಕ್ಕಿಂತ ಮುಂದಾಗಿಯೂ ಕೆಲವು ಕಾಲ ಹಿಂದಾಗಿಯೂ ಇರುತ್ತಾನೆ. ಅವನು ಅತಿ ಹೆಚ್ಚು ಮುಂದಿರುವುದು ನವೆಂಬರ್ ಮೊದಲ ವಾರದಲ್ಲಿ, 16 ನಿಮಿಷಕ್ಕೂ ಮಿಕ್ಕು. ಆದುದರಿಂದ ನಮ್ಮ ರಾಜ್ಯೋತ್ಸವದ ದಿನ ಕಾಶಿಯ ನೆರಳು ಕೈಗಡಿಯಾರಕ್ಕಿಂತ ಸುಮಾರು 18 ನಿಮಿಷ ಮುಂದಿರುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಇಂಥ ಯಂತ್ರವಿದ್ದರೆ, ಆ ಊರು ಪಡುವಣಕ್ಕಿರುವುದರಿಂದ, ಅದು ಸುಮಾರು 3 ನಿಮಿಷ ಹಿಂದಿರುತ್ತಿತ್ತು. ನೆರಳು ಸುಳ್ಳು ಹೇಳುವುದಿಲ್ಲ. ತಾನಿರುವ ಊರಿನ ಕಾಲವನ್ನು ಹೇಳುತ್ತದೆ.

ಇದು ಬರಿಯ ಕುತೂಹಲದ ಮಾತಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಊರಿನಿಂದ ತರಿಸಿದ ಪಂಚಾಂಗವೇ ಪ್ರಮಾಣ. ಆದರೆ ಜೂನ್ ತಿಂಗಳ ಕೊನೆಯಲ್ಲಿ ಕಾಶಿಯಲ್ಲಿ ಬೆಂಗಳೂರಿಗಿಂತ ಸುಮಾರು 45 ನಿಮಿಷ ಮುಂಚೆ ಸೂರ್ಯೋದಯವಾಗುತ್ತದೆ. ಒಂದು ತಿಥಿ ಬೆಳಗಿನ ಐದೂವರೆಗೆ ಮುಗಿದರೆ, ಇಲ್ಲಿಯ ಸೂರ್ಯೋದಯಕ್ಕೆ ಅದು ಇನ್ನೂ ಇರುತ್ತದೆ, ಬೆಂಗಳೂರಿನ ಸೂರ್ಯೋದಯಕ್ಕೆ ಕಳೆದುಹೋಗಿರುತ್ತದೆ. ವ್ರತದ ದಿನವೇ ಬೇರೆಯಾಗಬಹುದು. ಅಲ್ಲಿಯ ಅತ್ತೆಯೂ ಇಲ್ಲಿಯ ಸೊಸೆಯೂ ಬೇರೆ ಬೇರೆ ದಿನ ಉಪವಾಸ ಮಾಡಿದರೆ ಇಬ್ಬರೂ ಸರಿಯಾಗಿರಬಹುದು! ಕಾಲವನ್ನು ನಿಂತ ನೆಲದಲ್ಲಿಯೇ ಅಳೆಯಬೇಕೆಂದು ಐದು ಊರುಗಳಲ್ಲಿ ಯಂತ್ರ ನೆಟ್ಟ ಜಯಸಿಂಹನು ಇದನ್ನು ಬಲ್ಲವನಾಗಿದ್ದನು.

ವಿದ್ಯೆಯ ವಿಷಯದಲ್ಲಿ ಅವನಿಗೆ ತನ್ನದು ಪರರದೆಂಬ ಭೇದವಿರಲಿಲ್ಲ. ಅವನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ಯೂಕ್ಲಿಡನ ರೇಖಾಗಣಿತವನ್ನೂ ಟಾಲೆಮಿಯ ಜ್ಯೋತಿಷ ಗ್ರಂಥವನ್ನೂ ಅರಬ್ಬಿಯಿಂದ ಸಂಸ್ಕೃತಕ್ಕೆ ತಂದನು. ಪಾದ್ರಿ ಫಿಗರೇದೋ ಎಂಬವನ ನೇತೃತ್ವದಲ್ಲಿ ಪೋರ್ಚುಗಲ್ಲಿಗೆ ಒಂದು ತಂಡವನ್ನೇ ಕಳುಹಿಸಿ ಫ್ರಾನ್ಸಿನ ಲಾ ಹೀರನ ಕೋಷ್ಟಕಗಳನ್ನು ತರಿಸಿದನು. ಅವನ್ನೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಆಕಾಶದೊಡನೆ ಹೋಲಿಸಿ, ಚಂದ್ರನ ಸ್ಥಾನದಲ್ಲಿ ಅರ್ಧ ಅಂಶದ ವ್ಯತ್ಯಾಸವನ್ನು ಕಂಡುಹಿಡಿದನು. ತನ್ನ ಅಳತೆಗಳ ಫಲವನ್ನು ಪಾರಸಿ ಭಾಷೆಯಲ್ಲಿ ಕೋಷ್ಟಕಗಳಾಗಿ ಹೊರತಂದು ಬಾದಶಹನ ಹೆಸರನ್ನಿಟ್ಟನು.

ಅವನ ಕಾರ್ಯಕ್ಕೆ ಮಿತಿಗಳೂ ಇದ್ದವು. ಸೂರ್ಯನು ಚುಕ್ಕೆಯಲ್ಲ, ಬಿಂಬ. ಆದ್ದರಿಂದ ಯಂತ್ರ ಎಷ್ಟೇ ದೊಡ್ಡದಾದರೂ ನೆರಳಿನ ಅಂಚು ಮಸುಕಾಗಿಯೇ ಇರುತ್ತದೆ. ಜಯಪುರದ ಕಮಾನಿನ ಮೇಲೆ 2 ಸೆಕೆಂಡಿನ ಗೆರೆಗಳಿದ್ದರೂ ಅಷ್ಟು ನಿಖರವಾಗಿ ಓದುವುದು ನಿಪುಣನಿಗೂ ಕಷ್ಟ. ಅದೇ ಹೊತ್ತಿಗೆ ಯೂರೋಪಿನಲ್ಲಿ ದೂರದರ್ಶಕವೂ ಲೋಲಕದ ಗಡಿಯಾರವೂ ಜೊತೆಗೂಡಿ ಬೇರೆಯೇ ದಾರಿ ಹಿಡಿದಿದ್ದವು. 1743ರ ಸೆಪ್ಟೆಂಬರ್ 21ರಂದು ಜಯಸಿಂಹನು ತೀರಿಕೊಂಡ ಮೇಲೆ ಮಕ್ಕಳು ಪಟ್ಟಕ್ಕಾಗಿ ಕಾದಾಡಿದರು. ಯಂತ್ರಗಳ ಬಳಿ ಸುಳಿಯುವವರು ವಿರಳವಾದರು. ಮಥುರೆಯದು ಹೇಳಹೆಸರಿಲ್ಲದಂತಾಯಿತು. ಉಳಿದ ನಾಲ್ಕು ನಿಂತಿವೆ. ಕಾಶಿಯದನ್ನು 1911-12ರಲ್ಲಿ ಜಯಪುರ ಸಂಸ್ಥಾನವು ಜೀರ್ಣೋದ್ಧಾರ ಮಾಡಿಸಿತು. ಜಯಪುರದ ವೇಧಶಾಲೆ 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಗೆದ್ದ ಕೋಟೆಗಳೂ ಪಡೆದ ಸುಭೆಗಳೂ ಜಯಸಿಂಹನ ಹಿಂದೆಯೇ ಹೋದವು. ಪುಸ್ತಕ ಹೇಳಿದ್ದನ್ನು ಕಣ್ಣಾರೆ ಪರೀಕ್ಷಿಸಬೇಕು, ತನ್ನ ಉಪಕರಣ ಸುಳ್ಳಾದರೆ ಅದನ್ನು ಬಿಟ್ಟು ಬೇರೊಂದನ್ನು ಕಟ್ಟಬೇಕು ಎಂಬ ಅವನ ಹಟ ಮಾತ್ರ ಕಲ್ಲಾಗಿ ಉಳಿದಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡುತ್ತಾರೆ. ಈ ನವೆಂಬರಿನ ಒಂದು ಬಿಸಿಲಿನ ಬೆಳಿಗ್ಗೆ ಅವರ ಕೈಗೆ ಗಡಿಯಾರ ಕಟ್ಟಿ ಮಾನಮಂದಿರದ ಮಾಳಿಗೆಗೆ ಕರೆದೊಯ್ದು, ಆ 18 ನಿಮಿಷಗಳ ಅಂತರವನ್ನು ಅವರೇ ಎಣಿಸಿ ಕಂಡುಹಿಡಿಯುವಂತೆ ಮಾಡಿದರೆ, ಆ ಮಹಾರಾಜನಿಗೆ ಇದಕ್ಕಿಂತ ತಕ್ಕ ಗೌರವ ಬೇರೊಂದಿಲ್ಲ.