ತಲೆಯೆತ್ತ, ಬಾಲವೆತ್ತ? ಹಾನ್ಸ್ ಸ್ಪೇಮನ್ನನ ಜೀವನಕಥೆ

ಮೇಲರ್ಧ ಕಪ್ಪು, ಕೆಳಗರ್ಧ ಬಿಳಿಚು ಎಂಬುದನ್ನು ಬಿಟ್ಟರೆ ಕಪ್ಪೆಯ ಮೊಟ್ಟೆ ಒಂದು ಬರಿಯ ಗುಂಡು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಕೆಲವೇ ದಿನಗಳಲ್ಲಿ ಆ ಗುಂಡಿನ ಒಂದು ಕೊನೆಗೆ ತಲೆ, ಇನ್ನೊಂದು ಕೊನೆಗೆ ಬಾಲ, ಮೇಲೆ ಬೆನ್ನು, ಕೆಳಗೆ ಹೊಟ್ಟೆ ಮೂಡುತ್ತವೆ. ಈ ದಿಕ್ಕುಗಳನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಗಾಗಿ ಆಯುಷ್ಯವನ್ನೇ ಸವೆಸಿದ ಹಾನ್ಸ್ ಸ್ಪೇಮನ್ನನ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ಸ್ಪೇಮನ್ನನು 1869ನೆಯ ಇಸವಿ ಜೂನ್ 27ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಹುಟ್ಟಿದನು. ತಂದೆ ಪುಸ್ತಕಪ್ರಕಾಶಕ. ಶಾಲೆ ಮುಗಿದ ಮೇಲೆ ಹುಡುಗನು ಒಂದು ವರ್ಷ ತಂದೆಯ ವ್ಯವಹಾರ ನೋಡಿಕೊಂಡನು, ಕುದುರೆಪಡೆಯಲ್ಲಿ ಸೇವೆ ಮಾಡಿದನು, ಕೆಲಕಾಲ ಹ್ಯಾಂಬರ್ಗಿನಲ್ಲಿ ಪುಸ್ತಕ ಮಾರಿದನು. 1891ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯಕ್ಕೆ ಸೇರಿದನಾದರೂ ವೈದ್ಯನಾಗಲಿಲ್ಲ. ವ್ಯೂರ್ತ್ಸ್‌ಬುರ್ಗಿನಲ್ಲಿ ಥಿಯೋಡರ್ ಬೊವೇರಿ ಎಂಬ ಪ್ರಾಣಿಶಾಸ್ತ್ರಜ್ಞನ ಶಿಷ್ಯನಾಗಿ 1895ರಲ್ಲಿ ಡಾಕ್ಟರೇಟ್ ಪಡೆದನು. 1896-97ರ ಚಳಿಗಾಲದಲ್ಲಿ ಕ್ಷಯರೋಗದ ನಿಮಿತ್ತ ಆರೋಗ್ಯಧಾಮದಲ್ಲಿ ಮಲಗಬೇಕಾಯಿತು. ಅಲ್ಲಿ ಅವನ ಕೈಗೆ ಸಿಕ್ಕಿದ್ದು ಆನುವಂಶಿಕತೆಯನ್ನು ಕುರಿತ ವೈಸ್‌ಮನ್ನನ ಗ್ರಂಥ. ಮೊಟ್ಟೆ ಒಡೆದು ಎರಡು, ನಾಲ್ಕು, ಎಂಟು ಜೀವಕೋಶಗಳಾಗುವಾಗ ಮೂಲದ್ರವ್ಯವು ಹಿಸ್ಸೆಯಾಗುತ್ತ ಹೋಗುವುದೆಂದು ಅದರ ವಾದ. ನಿಜವೋ ಸುಳ್ಳೋ ಕೈಯಾರೆ ನೋಡಿಬಿಡಬೇಕೆಂದು ಸ್ಪೇಮನ್ನನು ನಿಶ್ಚಯಿಸಿದನು.

ಅದಕ್ಕೆ ಅವನು ಆರಿಸಿಕೊಂಡದ್ದು ಕಪ್ಪೆಯ ಬಳಗಕ್ಕೆ ಸೇರಿದ, ನೋಡಲು ಹಲ್ಲಿಯಂತಿರುವ ನ್ಯೂಟ್ ಎಂಬ ಪ್ರಾಣಿಯನ್ನು. ಅದರ ಮೊಟ್ಟೆ ಸಾಸಿವೆ ಕಾಳಿನಷ್ಟು. ಅದನ್ನು ಕಟ್ಟಲು ದಾರ ಎಲ್ಲಿಂದ ಬರಬೇಕು? ಎಳೆಗೂಸಿನ ಕೂದಲನ್ನು ಕುಣಿಕೆ ಮಾಡಿ ಎರಡು ಜೀವಕೋಶಗಳ ನಡುವೆ ಬಿಗಿದನು. ಕೂಸಿರುವ ಮನೆಯಲ್ಲಿ ಇಂಥ ದಾರಕ್ಕೆ ಬರವಿಲ್ಲವಷ್ಟೆ! ಪೂರ್ತಿ ಬಿಗಿದು ಬೇರ್ಪಡಿಸಿದಾಗ ಕೆಲವು ಸಲ ಎರಡು ಸರ್ವಾಂಗಪೂರ್ಣ ಮರಿಗಳು ಹುಟ್ಟಿದವು. ಹಿಸ್ಸೆಯ ವಾದ ಅಲ್ಲಿಗೆ ಬಿತ್ತು. ಅರ್ಧ ಬಿಗಿದಾಗ ಒಂದೇ ಮೈಗೆ ಎರಡು ತಲೆಗಳ ಮರಿ ಬಂದಿತು. ಆದರೆ ಇನ್ನು ಕೆಲವು ಸಲ ಒಂದು ಅರ್ಧ ಮರಿಯಾಗಿ, ಇನ್ನೊಂದರ್ಧ ತಲೆಯೂ ಬೆನ್ನೂ ಇಲ್ಲದ ಬರಿಯ ಹೊಟ್ಟೆಯ ಮುದ್ದೆಯಾಗಿ ಉಳಿಯಿತು. ಮೂಲದ್ರವ್ಯ ಎರಡರಲ್ಲಿಯೂ ಇತ್ತು. ದಿಕ್ಕು ತೋರಿಸುವ ಯಾವುದೋ ವಸ್ತು ಮಾತ್ರ ಒಂದೇ ಕಡೆ ಉಳಿದಿರಬೇಕು.

ಮುಂದೆ ಅವನು ರೋಸ್ಟಾಕಿನಲ್ಲಿಯೂ, 1914ರಿಂದ ಬರ್ಲಿನ್ನಿನಲ್ಲಿಯೂ, 1919ರಿಂದ ಫ್ರೈಬುರ್ಗಿನಲ್ಲಿಯೂ ಕೆಲಸ ಮಾಡಿದನು. ಗಾಜನ್ನು ಉರಿಯಲ್ಲಿ ಕಾಯಿಸಿ ಎಳೆದು ಸೂಜಿಗಳನ್ನು ತಾನೇ ಮಾಡಿಕೊಳ್ಳುತ್ತಿದ್ದನು. ಭ್ರೂಣ ಎಳೆಯದಿದ್ದಾಗ ಅದರ ಮೇಲೆ ಒಂದು ಸಣ್ಣ ಬಾಯಿ ತೆರೆದು, ಹೊರಗಿನ ಜೀವಕೋಶಗಳು ಅದರ ಮೂಲಕ ಒಳಕ್ಕೆ ಮಡಚಿಕೊಳ್ಳುತ್ತವೆ. ಆ ಬಾಯಿಯ ಮೇಲ್ತುಟಿಯನ್ನು ಕತ್ತರಿಸಿ ಇನ್ನೊಂದು ಭ್ರೂಣಕ್ಕೆ ನಾಟಿದರೆ ಅಲ್ಲಿ ಎರಡನೆಯ ಬೆನ್ನು ಮೂಡುವುದೆಂದು 1918ರ ಹೊತ್ತಿಗೆ ಗೊತ್ತಾಯಿತು. ಆದರೆ ಈ ಹೊಸ ಬೆನ್ನನ್ನು ಕಟ್ಟಿದ್ದು ನಾಟಿದ ತುಂಡೋ, ನೆಲಕೊಟ್ಟ ಭ್ರೂಣವೋ? ಎರಡರ ಬಣ್ಣವೂ ಒಂದೇ ಆದ್ದರಿಂದ ತಿಳಿಯುವಂತಿರಲಿಲ್ಲ.

ಬಿಳಿಚು ಬಣ್ಣದ ಜಾತಿಯ ತುಟಿಯನ್ನು ಕಪ್ಪು ಬಣ್ಣದ ಜಾತಿಗೆ ನಾಟಿದರೆ ಗುಟ್ಟು ಬಯಲಾಗುತ್ತದೆ. ಈ ಕೆಲಸವು ಹಿಲ್ಡೆ ಪ್ರೋಷೋಲ್ಟ್ ಎಂಬ ವಿದ್ಯಾರ್ಥಿನಿಯ ಪಾಲಿಗೆ ಬಂದಿತು. 1898ರಲ್ಲಿ ಹುಟ್ಟಿದ ಈಕೆ ಸ್ಪೇಮನ್ನನ ಸಹಾಯಕ ಓಟೋ ಮ್ಯಾಂಗೋಲ್ಡನ ಕೈಹಿಡಿದು ಹಿಲ್ಡೆ ಮ್ಯಾಂಗೋಲ್ಡ್ ಆದಳು. ನ್ಯೂಟ್ ಮೊಟ್ಟೆಯಿಡುವುದು ವಸಂತದಲ್ಲಿ ಮಾತ್ರ. ಆಗ ಆ್ಯಂಟಿಬಯಾಟಿಕ್ ಔಷಧಗಳಿರಲಿಲ್ಲ. ಕತ್ತರಿಸಿದ ಭ್ರೂಣಗಳಲ್ಲಿ ಹೆಚ್ಚಿನವು ಕೆಟ್ಟು ಸಾಯುತ್ತಿದ್ದವು. 1921 ಮತ್ತು 1922ರ ಎರಡು ವಸಂತಗಳ ದುಡಿಮೆಯಲ್ಲಿ ಪ್ರಬಂಧಕ್ಕೆ ಒದಗಿದವು ಬೆರಳೆಣಿಕೆಯಷ್ಟು. ಅಷ್ಟೇ ಸಾಕಾಯಿತು. ಕಪ್ಪು ಮರಿಯ ಹೊಟ್ಟೆಗೆ ಅಂಟಿಕೊಂಡು ಇನ್ನೊಂದು ಮರಿ ಬೆಳೆದಿತ್ತು. ಅದರ ನರಮಂಡಲದ ಬಹುಭಾಗ ಕಪ್ಪು ಕೋಶಗಳದು! ಹೊಟ್ಟೆಯಾಗಬೇಕಾಗಿದ್ದ ಕೋಶಗಳನ್ನು ನಾಟಿದ ತುಂಡು ಬೆನ್ನುಹುರಿಯಾಗುವಂತೆ ಒಲಿಸಿಕೊಂಡಿತ್ತು. ಈ ತುಂಡಿಗೆ ಸ್ಪೇಮನ್ನನು ಸಂಘಟಕ ಎಂಬ ಹೆಸರಿಟ್ಟನು.

ಪ್ರಬಂಧವು 1924ರಲ್ಲಿ ಅಚ್ಚಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮನೆಯ ಒಲೆಯಿಂದ ಹತ್ತಿದ ಬೆಂಕಿಗೆ ಸಿಕ್ಕಿ ಹಿಲ್ಡೆ ಅಸುನೀಗಿದಳು. ವಯಸ್ಸು 25, ಮಡಿಲಲ್ಲಿ ಇನ್ನೂ ವರ್ಷ ತುಂಬದ ಗಂಡುಮಗು.

ಇಲ್ಲಿ ನಾವು ಕೊಂಚ ನಿಲ್ಲಬೇಕು. ಇತರ ಶಿಷ್ಯರ ಪ್ರಬಂಧಗಳು ಅವರವರ ಹೆಸರಿನಲ್ಲೇ ಹೊರಟಿದ್ದವು. ಹಿಲ್ಡೆಯ ಪ್ರಬಂಧಕ್ಕೆ ಮಾತ್ರ ಗುರುವು ತನ್ನ ಹೆಸರನ್ನು ಸೇರಿಸಿದನು, ಅದೂ ಮೊದಲಿಗೆ. ಆಕೆಗೆ ಇದು ಸರಿಬರಲಿಲ್ಲವೆಂದು ಸಹಪಾಠಿ ವಿಕ್ಟರ್ ಹ್ಯಾಂಬರ್ಗರನು ಮುಂದೆ ಬರೆದಿದ್ದಾನೆ. ದಿನವಿಡೀ ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವ ನಮ್ಮಂಥವರಿಗೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾದರೆ ಕಣ್ಣಿಗೆ ಚುಚ್ಚುತ್ತದೆ. ಆದರೂ ಗುರುವಿನ ಪರವಾಗಿ ಹೇಳತಕ್ಕದ್ದಿದೆ: ಪ್ರಶ್ನೆ ಅವನದು, ಉಪಕರಣಗಳು ಅವನವು, ಇಪ್ಪತ್ತು ವರ್ಷಗಳ ಪೂರ್ವಸಿದ್ಧತೆಯೂ ಅವನದೇ. ಎರಡನೆಯ ಹೆಸರಾಗಿ ಬಂದಿದ್ದರೆ ಅವನ ಗೌರವಕ್ಕೆ ಕುಂದು ಬರುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. 1935ರ ನೊಬೆಲ್ ಬಹುಮಾನ ಅವನೊಬ್ಬನಿಗೇ ಸಂದಿತು. ಇಂದಿನ ಗ್ರಂಥಗಳು ಆ ತುಂಡನ್ನು ಸ್ಪೇಮನ್-ಮ್ಯಾಂಗೋಲ್ಡ್ ಸಂಘಟಕವೆಂದೇ ಕರೆಯುತ್ತವೆ.

ಬೆನ್ನಿನ ಮಾತಾಯಿತು, ತಲೆ-ಬಾಲಗಳ ಮಾತೇನು? ತುಟಿಯ ಮೂಲಕ ಮೊದಲು ಒಳಹೊಕ್ಕ ಭಾಗವು ತಲೆಯನ್ನೂ, ತಡವಾಗಿ ಹೊಕ್ಕದ್ದು ಮುಂಡ-ಬಾಲಗಳನ್ನೂ ಎಬ್ಬಿಸುವುದೆಂದು ಸ್ಪೇಮನ್ನನು 1931ರಲ್ಲಿ ಕಂಡುಕೊಂಡನು. 1933ರಲ್ಲಿ ಓಟೋ ಮ್ಯಾಂಗೋಲ್ಡನು ಒಳಹೊಕ್ಕ ಪದರವನ್ನು ಮುಂದಿನಿಂದ ಹಿಂದಕ್ಕೆ ನಾಲ್ಕು ತುಂಡು ಮಾಡಿ ನಾಟಿದಾಗ, ಮುಂದಿನವು ತಲೆಯ ಅಂಗಗಳನ್ನೂ ಕಡೆಯದು ಬಾಲವನ್ನೂ ಕೊಟ್ಟವು. ಆದರೆ ಸತ್ತ ತುಂಡುಗಳೂ ಇಂಥ ಕೆಲಸ ಮಾಡಬಲ್ಲವೆಂದು ಆ ವೇಳೆಗೆ ತಿಳಿದಿತ್ತು. ಹಾಗಾದರೆ ಇದು ಯಾವುದೋ ರಾಸಾಯನಿಕದ ಕೆಲಸವಾಗಿರಬೇಕು. ಅದು ಯಾವುದೆಂದು ತಿಳಿಯುವ ಮೊದಲೇ, 1941ರಲ್ಲಿ, ಸ್ಪೇಮನ್ನನು ಫ್ರೈಬುರ್ಗಿನಲ್ಲಿ ತೀರಿಕೊಂಡನು.

ಉತ್ತರ ದೊರಕಲು ಇನ್ನೂ ಐವತ್ತು ವರ್ಷ ಹಿಡಿಯಿತು. ಹೊಟ್ಟೆಯಾಗು ಎಂದು ಸುತ್ತಲೂ ಹರಡುವ ಸಂಕೇತವನ್ನು ಸಂಘಟಕದ ಪ್ರೋಟೀನುಗಳು ತಡೆಹಿಡಿದು ಬೆನ್ನಿಗೆ ಎಡೆಮಾಡುತ್ತವೆ. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬವು ಹೀಗೆ ಸಿಕ್ಕಿದವು. ತಲೆ-ಬಾಲಗಳ ನಿರ್ಣಯದಲ್ಲಿ ವಿಂಟ್ ಎಂಬ ಇನ್ನೊಂದು ಸಂಕೇತದ ಕೈ ದೊಡ್ಡದು. ಅದು ಬಾಲದ ಕಡೆ ಹೆಚ್ಚು, ತಲೆಯ ಕಡೆ ಕಡಿಮೆ. ಅದನ್ನು ತಡೆದಲ್ಲಿ ಮಾತ್ರ ತಲೆ ಏಳುತ್ತದೆ. ಹಾಗೆ ತಡೆಯುವ ಪ್ರೋಟೀನೊಂದು 1998ರಲ್ಲಿ ಸಿಕ್ಕಿದಾಗ ಅದಕ್ಕೆ ಡಿಕ್‌ಕಾಪ್ ಎಂದು ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ದಪ್ಪತಲೆ ಎಂದರ್ಥ. ಸಿಕ್ಕಿದ್ದು ಹೈಡೆಲ್‌ಬರ್ಗಿನಲ್ಲಿ, 1891ರಲ್ಲಿ ಪುಸ್ತಕದ ವ್ಯಾಪಾರ ಬಿಟ್ಟು ಬಂದ ಸ್ಪೇಮನ್ನನು ವೈದ್ಯಕೀಯ ಓದಲು ಸೇರಿದ ಊರಿನಲ್ಲಿ.